ದರ್ಜಿಯ ಹೊಟ್ಟೆಯೊಳಗಿನ ಲೈನಿಂಗ್

ಒಂದಾನೊಂದು ಬೀದಿಯಲ್ಲಿ ಒಬ್ಬ ದರ್ಜಿ ಇದ್ದ. ಆ ಬೀದಿಯವರ ಮೈಮೇಲಿನ ಬಟ್ಟೆಯೆಲ್ಲ ಅವನ ಕೈಯದೇ. ಅವನ ಹೊಟ್ಟೆಯೊಳಗೂ ಒಂದು ಬಟ್ಟೆ ಇತ್ತು. ಅದೊಂದನ್ನು ಮಾತ್ರ ಅವನು ಹೊಲಿದಿರಲಿಲ್ಲ.

ಅದು ಅಲ್ಲಿಗೆ ಹೋದದ್ದು ಹೀಗೆ. ನಾಲ್ಕು ವರ್ಷದ ಹಿಂದೆ ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ, ಹೊಟ್ಟೆಯ ದೊಡ್ಡ ರಕ್ತನಾಳ ಒಂದು ಕಡೆ ಬಲೂನಿನಂತೆ ಉಬ್ಬಿರುವುದು ಕಂಡಿತು. ಒಡೆದರೆ ಜೀವಕ್ಕೇ ಕುತ್ತು. ಡಾಕ್ಟರು ಹೊಟ್ಟೆ ಕೊಯ್ಯಲಿಲ್ಲ. ತೊಡೆಸಂದಿಯ ನಾಳದೊಳಗಿಂದ ಬಟ್ಟೆ ಮತ್ತು ಲೋಹದ ಬಲೆಯ ಕೊಳವೆಯೊಂದನ್ನು ಒಯ್ದು, ಉಬ್ಬಿದ ಜಾಗದ ಒಳಗೆ ಕೂರಿಸಿದರು. ರಕ್ತ ಇನ್ನು ಆ ಕೊಳವೆಯಲ್ಲೇ ಹರಿಯುತ್ತದೆ, ಇದಕ್ಕೆ ಸ್ಟೆಂಟ್ ಗ್ರಾಫ್ಟ್ ಅನ್ನುತ್ತಾರೆ ಎಂದರು.

"ಅಂದ್ರೆ ಲೈನಿಂಗ್ ಅನ್ನಿ!" ಎಂದಿದ್ದ ದರ್ಜಿ.

"ಹೌದು, ಲೈನಿಂಗೇ. ಆದ್ರೆ ವರ್ಷಕ್ಕೊಂದ್ಸಲ ಸ್ಕ್ಯಾನಿಗೆ ಬರ್ಬೇಕು. ಜೀವನ ಪೂರ್ತಿ."

ಬರ್ತೀನಿ ಎಂದು ಮಾತು ಕೊಟ್ಟ. ಮೊದಲ ವರ್ಷ ಹೋದ, ಎಲ್ಲ ಸರಿಯಿತ್ತು. ಆಮೇಲೆ ಮೂರು ವರ್ಷ ಆ ಕಡೆ ತಲೆ ಹಾಕಲಿಲ್ಲ.

"ರೀ, ಈ ವರ್ಷವಾದ್ರೂ ಹೋಗಿ ಬರೋಣ," ಎಂದಳು ಹೆಂಡತಿ. ಅವಳು ಅಂಗಿಯೊಂದಕ್ಕೆ ಗುಂಡಿ ಹಚ್ಚುತ್ತಿದ್ದಳು.

"ಅಲ್ವೇ, ಆ ಡಾಕ್ಟ್ರು ಎಂಥ ಒಳ್ಳೆ ಕೆಲಸಗಾರ! ವರ್ಷಾ ವರ್ಷಾ ಹೋಗಿ, 'ನೀವು ಹಾಕಿದ್ದು ನೆಟ್ಟಗಿದ್ಯಾ ನೋಡಿ' ಅಂದ್ರೆ ಅವರಿಗೆ ಹೇಗನ್ಸುತ್ತೆ? ನಾನು ಹೊಲಿದಿದ್ದನ್ನ ಯಾರಾದ್ರೂ ವಾಪಸ್ ತಂದ್ರೆ ಅವತ್ತು ನಂಗೆ ಊಟ ಸೇರುತ್ತಾ?"

"ಅವರೇ ಬನ್ನಿ ಅಂದಿದ್ದಾರಲ್ರೀ."

"ಅದು ಬಾಯಿಮಾತಿಗೆ. ನಾನೂ ಗಿರಾಕಿಗಳಿಗೆ ಹಾಗೇ ಅಂತೀನಿ. ನೋವಿಲ್ಲ ಏನಿಲ್ಲ, ಗುಂಡುಕಲ್ಲಿನ ಹಾಗಿದೀನಿ."

"ತಲೆಯೂ ಹಾಗೇ ಇದೆ," ಎಂದು ಹೆಂಡತಿ ದಾರ ಕಡಿದಳು.

ಅವಳು ಹೋಗಿ ಮಹಡಿ ಮನೆಯ ನರ್ಸಕ್ಕನ ಹತ್ತಿರ ಹೇಳಿಕೊಂಡಳು. ಮರುದಿನ ಬೆಳಿಗ್ಗೆ ನರ್ಸಕ್ಕ ಹಳೆಯ ಕಂದು ಕೋಟೊಂದನ್ನು ತೋಳಿನ ಮೇಲೆ ಹಾಕಿಕೊಂಡು ಅಂಗಡಿಗೆ ಬಂದಳು.

"ಅಣ್ಣಾ, ಇದು ನೀವೇ ಹೊಲಿದಿದ್ದು. ಆರು ವರ್ಷ ಆಯ್ತು. ಲೈನಿಂಗ್ ಯಾಕೋ ಸರಿಯಿಲ್ಲ."

ದರ್ಜಿಯ ಮುಖ ಸಪ್ಪಗಾಯಿತು. ಕೋಟನ್ನು ಒಳಮಗ್ಗುಲು ಹೊರಳಿಸಿ, ಕನ್ನಡಕ ಏರಿಸಿ, ಒಂದೊಂದೇ ಹೊಲಿಗೆಯನ್ನು ಉಗುರಿನಿಂದ ತಡವಿ ನೋಡಿದ. ಆಮೇಲೆ ಉಸಿರು ಬಿಟ್ಟ.

"ನೋಡು ತಂಗೀ, ನನ್ನ ಹೊಲಿಗೆ ಒಂದೂ ಬಿಟ್ಟಿಲ್ಲ. ಹಾಕೀ ಹಾಕೀ ಮೇಲಿನ ಬಟ್ಟೆ ಜಗ್ಗಿದೆ. ಅದಕ್ಕೇ ಭುಜದ ಹತ್ರ ಲೈನಿಂಗ್ ಬೇರೆ, ಬಟ್ಟೆ ಬೇರೆ ಆಗಿ ನಿಂತಿದೆ."

"ವಾಪಸ್ ತಂದೆ ಅಂತ ಬೇಜಾರಾಯ್ತಾ ಅಣ್ಣಾ?"

"ಬೇಜಾರ್ಯಾಕೆ? ಮೊದಲೇ ತರಲಿಲ್ವಲ್ಲ ಅಂತ ಬೇಜಾರು. ವರ್ಷಕ್ಕೊಂದ್ಸಲ ತೋರಿಸಿದ್ರೆ ನಾಲ್ಕು ಹೊಲಿಗೇಲಿ ಮುಗೀತಿತ್ತು!"

ಮೂಲೆಯಿಂದ ಹೆಂಡತಿ, "ಏನಂದ್ರಿ? ಇನ್ನೊಂದ್ಸಲ ಹೇಳಿ, ಸರಿಯಾಗಿ ಕೇಳಿಸಲಿಲ್ಲ," ಎಂದಳು.

ದರ್ಜಿಯ ಕೈ ಕೋಟಿನ ಮೇಲೆ ಹಾಗೇ ನಿಂತಿತು.

"ನಿಮ್ಮ ಹೊಟ್ಟೆ ಕಥೆಯೂ ಇದೇ ಅಣ್ಣಾ," ಎಂದಳು ನರ್ಸಕ್ಕ ಮೆಲ್ಲಗೆ. "ಡಾಕ್ಟ್ರ ಕೆಲಸ ಚೆನ್ನಾಗೇ ಇರಬಹುದು. ಆದ್ರೆ ಆ ಕೊಳವೇನ ಹಿಡ್ಕೊಂಡಿರೋ ನಾಳ ವರ್ಷ ಕಳೆದ ಹಾಗೆ ಅಗಲ ಆಗಬಹುದು. ಕೊಳವೆ ಜಾರಬಹುದು. ಪಕ್ಕದಿಂದ ರಕ್ತ ಸೋರಿ ಹಳೇ ಉಬ್ಬಿನೊಳಗೆ ಸೇರಬಹುದು. ಆಗ ಉಬ್ಬು ಮತ್ತೆ ಬೆಳೆಯುತ್ತೆ."

"ಬೆಳೆದ್ರೆ ನಂಗೆ ಗೊತ್ತಾಗಲ್ವಾ?"

"ಎಷ್ಟೋ ಸಲ ಗೊತ್ತೇ ಆಗಲ್ಲ. ಒಡೆದ ಮೇಲೆ ಗೊತ್ತಾಗಿ ಏನು ಬಂತು?"

"ಎಲ್ಲರಿಗೂ ಹೀಗಾಗುತ್ತಾ?" ಅವನ ದನಿ ಇಳಿದಿತ್ತು.

"ಇಲ್ಲಣ್ಣ. ಎಷ್ಟೋ ಜನ ವರ್ಷಗಟ್ಟಲೆ ಆರಾಮಾಗಿದ್ದಾರೆ. ಕೆಲವರಿಗೆ ಆಗುತ್ತೆ. ನೀವು ಯಾರ ಪೈಕಿ ಅಂತ ಸ್ಕ್ಯಾನೇ ಹೇಳ್ಬೇಕು."

ದರ್ಜಿ ಟೇಪನ್ನು ಕೊರಳಿಂದ ತೆಗೆದು ಸುತ್ತಿಟ್ಟ. "ಆಯ್ತಮ್ಮ, ಹೋಗ್ತೀನಿ. ಮೊದಲು ನಿನ್ನ ಕೋಟು ಮಾಡ್ಕೊಡ್ತೀನಿ."

"ಊಹೂಂ. ಮೊದಲು ಸ್ಕ್ಯಾನು, ಆಮೇಲೆ ಕೋಟು. ಅಲ್ಲೀವರೆಗೂ ಇದು ನಿಮ್ಮ ಕಣ್ಣೆದುರಿಗೇ ನೇತಾಡ್ಲಿ." ಅವಳೇ ಅದನ್ನು ಗೋಡೆಯ ಮೊಳೆಗೆ ಹಾಕಿ ಹೋದಳು.

ಆ ವಾರವೇ ಗಂಡ ಹೆಂಡತಿ ಆಸ್ಪತ್ರೆಗೆ ಹೋದರು. "ನಿಮ್ಮ ಕೆಲಸದ ಮೇಲೆ ಅನುಮಾನ ಅಂತ ತಿಳ್ಕೋಬೇಡಿ ಡಾಕ್ಟ್ರೇ," ಎಂದ ದರ್ಜಿ. ಡಾಕ್ಟರು ನಕ್ಕರು. "ನೀವು ಬರದೇ ಇದ್ರಲ್ಲ, ಆಗ್ಲೇ ನಂಗೆ ಹೆದರಿಕೆ."

ಸ್ಕ್ಯಾನಿನಲ್ಲಿ ಕೊಳವೆಯ ಮೇಲ್ತುದಿಯಲ್ಲಿ ಸೋರಿಕೆ ಕಂಡಿತು. ಉಬ್ಬು ಮೊದಲಿಗಿಂತ ದೊಡ್ಡದಾಗಿತ್ತು. ಹೆಂಡತಿ ಅವನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಒಡೆಯೋಕೆ ಮುಂಚೆ ಬಂದ್ರಿ, ಸರಿಮಾಡಬಹುದು," ಎಂದರು ಡಾಕ್ಟರು. ಮತ್ತೆ ತೊಡೆಸಂದಿಯಿಂದಲೇ ಇನ್ನೊಂದು ತುಂಡು ಕೊಳವೆ ಒಯ್ದು ಜೋಡಿಸಿದರು. ಸೋರಿಕೆ ನಿಂತಿತು. ದರ್ಜಿ ನಡೆದುಕೊಂಡೇ ಮನೆಗೆ ಬಂದ.

ಓದುವವರೇ, ಕೇಳುವವರೇ, ನಿಮ್ಮ ಮನೆಯಲ್ಲಿ ಯಾರಿಗಾದರೂ ಇಂಥ ಸ್ಟೆಂಟ್ ಗ್ರಾಫ್ಟ್ ಹಾಕಿದ್ದಾರೆಯೆ? ಇವತ್ತೇ ಆಸ್ಪತ್ರೆಯ ಫೈಲು ತೆಗೆದು ಕೊನೆಯ ಸ್ಕ್ಯಾನಿನ ತಾರೀಕು ನೋಡಿ. ಡಾಕ್ಟರು ಹೇಳಿದ ದಿನ ದಾಟಿದ್ದರೆ ಈಗಲೇ ಫೋನು ಮಾಡಿ. ನೋವಿಲ್ಲ ಎಂದು ಸುಮ್ಮನಿರಬೇಡಿ. ಬಿಪಿ ಮಾತ್ರೆ ತಪ್ಪಿಸಬೇಡಿ, ಸಿಗರೇಟು ಸೇದುತ್ತಿದ್ದರೆ ಬಿಡಿ. ಹೊಟ್ಟೆಯಲ್ಲೋ ಬೆನ್ನಲ್ಲೋ ತಟ್ಟನೆ ಜೋರು ನೋವು ಬಂದರೆ, ತಲೆ ಸುತ್ತಿ ಬಿದ್ದರೆ, ಯಾವ ತಾರೀಕಿಗೂ ಕಾಯದೆ ಆಸ್ಪತ್ರೆಗೆ ಧಾವಿಸಿ. ಮತ್ತೆ ತೋರಿಸಲು ಹೋದರೆ ಯಾವ ಡಾಕ್ಟರಿಗೂ ಅವಮಾನವಾಗುವುದಿಲ್ಲ.

ಅಂದ ಹಾಗೆ, ಆ ಕೋಟು?

ದರ್ಜಿ ಮತ್ತೆ ಅಂಗಡಿಯಲ್ಲಿ ಕೂತ ಮೊದಲ ದಿನ ಅದನ್ನೇ ಮೊಳೆಯಿಂದ ಇಳಿಸಿದ. ಭುಜದ ಲೈನಿಂಗ್ ಬಿಚ್ಚಿ, ಜಗ್ಗಿದ ಬಟ್ಟೆಗೆ ಸರಿಯಾಗಿ ಒಂದು ತುಂಡು ಸೇರಿಸಿ ಹೊಲಿದ. ಕೊನೆಯ ಗಂಟು ಹಾಕಿ, ದಾರ ಕತ್ತರಿಸಿ, ಮಹಡಿಯತ್ತ ಕೂಗಿದ:

"ತಂಗೀ, ಕೋಟು ಆಯ್ತು! ಮುಂದಿನ ವರ್ಷ ತಪ್ಪದೆ ತಂದು ತೋರಿಸು!"