ಐದನೇ ನಿಮಿಷ

ಕುರುಗೋಡಿನ ಮನೆಯಲ್ಲಿ ನನಗೆ ಲಿಂಗದೀಕ್ಷೆಯಾದ ದಿನ, ಯಾವ ಜೀವವನ್ನೂ ಕೊಲ್ಲುವುದಿಲ್ಲವೆಂದು ಅಜ್ಜಿ ವೀರಭದ್ರಮ್ಮನಿಗೆ ಮಾತು ಕೊಟ್ಟಿದ್ದೆ. ಆಗ ನನಗೆ ಎಂಟು ವರ್ಷ.

ಈಗ ಬಳ್ಳಾರಿಯ ಪ್ರಯೋಗಾಲಯವೊಂದರಲ್ಲಿ ಇಲಿಯ ಮೆದುಳಿನ ಪೀನಿಯಲ್ ಗ್ರಂಥಿಯ ಮೇಲೆ ಸಂಶೋಧನೆ ಮಾಡುತ್ತೇನೆ. ರಕ್ತಕ್ಕೆ ಬಿಟ್ಟ ಬಣ್ಣ ಅಲ್ಲಿನ ಜೀವಕೋಶಗಳ ನಡುವೆ ಎಷ್ಟು ದೂರ ನುಸುಳುತ್ತದೆ, ಕೋಶಕ್ಕೆ ಕೋಶ ಅಂಟಿದ ಯಾವ ಬೆಸುಗೆಯಲ್ಲಿ ನಿಲ್ಲುತ್ತದೆ ಎಂಬುದೇ ನನ್ನ ಪ್ರಶ್ನೆ. ಬಣ್ಣ ಬಿಟ್ಟ ಐದನೇ ನಿಮಿಷಕ್ಕೆ ಸರಿಯಾಗಿ ಇಲಿಯ ಎದೆ ಕತ್ತರಿಸಿ, ಬಣ್ಣ ಇದ್ದಲ್ಲೇ ಉಳಿಯುವಂತೆ ಹೃದಯದ ಮೂಲಕ ಮೆದುಳಿಗೆ ದ್ರಾವಣ ಹಾಯಿಸಬೇಕು. ನಾಲ್ಕು ವರ್ಷದಿಂದ ಆ ಕೆಲಸ ಸಹಾಯಕ ಗಾಳೆಪ್ಪನದು.

ಇವತ್ತು ಕೊನೆಯ ಇಲಿ. ಅದೂ ಕೆಟ್ಟರೆ ನನ್ನ ಪ್ರಬಂಧ ಅರ್ಧಕ್ಕೇ ನಿಂತಂತೆ. ಅದಕ್ಕೆ ಅರಿವಳಿಕೆ ಕೊಟ್ಟು ಬಣ್ಣ ಚುಚ್ಚಿದ್ದೆ, ಅಷ್ಟರಲ್ಲಿ ಸಿರುಗುಪ್ಪದಿಂದ ಗಾಳೆಪ್ಪನಿಗೆ ಫೋನ್ ಬಂತು. ಮಾತಾಡಿ ಮುಗಿಸಿ ಅವನು ಕತ್ತರಿ ಕೆಳಗಿಟ್ಟ.

“ನಮ್ಮಾಕಿ ಬಸುರಿ ಅದಾಳಂತ್ರೀ ಮೇಡಮ್. ಹೆರಿಗಿ ಆಗೋತನ ನಾ ಜೀವ ತೆಗಿಯಂಗಿಲ್ಲ.”

“ಇದೊಂದು ಮಾಡಪ್ಪ, ಬಣ್ಣ ಆಗ್ಲೇ ಹೋಗೈತಿ.”

“ಇಷ್ಟು ದಿನ ಪಾಪ ನಂದು, ಡಾಕ್ಟರೇಟು ನಿಮ್ದು. ಇವತ್ತೊಂದಿನ ಎರಡೂ ನೀವ ಇಟ್ಕೊಳ್ರಿ.”

ನಾಲ್ಕು ನಿಮಿಷ ಕಳೆದಿತ್ತು. ಕೊರಳಿನ ಲಿಂಗವನ್ನು ಕುಪ್ಪಸದೊಳಗೆ ಸರಿಸಿ ಕತ್ತರಿ ಎತ್ತಿಕೊಂಡೆ. ತೆರೆದ ಎದೆಯಲ್ಲಿ ಹೃದಯ ಇನ್ನೂ ಬಡಿಯುತ್ತಿತ್ತು, ಆಮೇಲೆ ನಿಂತಿತು.

ಅಜ್ಜಿಗೆ ಕೊಟ್ಟ ಮಾತು ಮುರಿದೆ.