ಕರೆಂಟು ಬೇಡದ ಕ್ಯಾಮೆರಾ

ಅಂಗಡಿ ಕನ್ನಡಿಗಳದೆಂದು ಕೆಲವರು, ಕುರ್ಚಿ ಮೇಜುಗಳದೆಂದು ಹೆಚ್ಚಿನವರು ಹೇಳುತ್ತಾರೆ. ಅದರ ಒಡತಿ ಅತ್ತೆ, ಅಲ್ಲಿ ಕಾವಲು ಕ್ಯಾಮೆರಾ ಕೂರಿಸಿದವನು ಅಳಿಯ ಎಂಬುದರಲ್ಲಿ ಮಾತ್ರ ಯಾರಿಗೂ ಭಿನ್ನಾಭಿಪ್ರಾಯವಿಲ್ಲ.

ಕ್ಯಾಮೆರಾಗಳು ಒಂದು ವಾರ ಹಗಲಿರುಳೂ ನಡೆದರೆ ಹೊಸ ಗೋದಾಮಿನ ಕೆಲಸವೂ ಅಳಿಯನಿಗೆ, ಇಲ್ಲವಾದರೆ ಬೇರೆಯವರಿಗೆ ಎಂಬುದು ಒಪ್ಪಂದ. ಅವನು ಪ್ರತಿ ಕ್ಯಾಮೆರಾದಿಂದ ಒಂದೇ ನೆಟ್‌ವರ್ಕ್ ಕೇಬಲ್ ಎಳೆದು, ಎಲ್ಲವನ್ನೂ ಕಪಾಟಿನ ಮೇಲೆ ತಾನಿಟ್ಟ ರೆಕಾರ್ಡರ್ ಪೆಟ್ಟಿಗೆಗೆ ಸೇರಿಸಿದ. ಚಿತ್ರ ಬರುವುದೂ ವಿದ್ಯುತ್ ಹೋಗುವುದೂ ಆ ಕೇಬಲಿನಲ್ಲೇ. ಆದರೆ ಅತ್ತೆ ಬಾಯಿಬಿಟ್ಟು ನೋಡುತ್ತಿದ್ದುದನ್ನು ಕಂಡು ಉಬ್ಬಿಹೋಗಿ, "ನನ್ನ ಕ್ಯಾಮೆರಾಕ್ಕೆ ಕರೆಂಟೇ ಬೇಡ ಅತ್ತೆ," ಎಂದುಬಿಟ್ಟ.

ಅಂದಿನಿಂದ ಹಗಲಿನ ಚಿತ್ರ ಸಿಗುತ್ತಿತ್ತು, ರಾತ್ರಿಯದು ಸಿಗುತ್ತಿರಲಿಲ್ಲ. ಅಳಿಯ ಏಣಿ ಹತ್ತಿ ಇಳಿದು, ಕೇಬಲಿನ ತುದಿಗಳನ್ನೆಲ್ಲ ಹೊಸದಾಗಿ ಕಟ್ಟಿ ಹೈರಾಣಾದ. ವಾರದ ಕಡೆಯ ಸಂಜೆ ಅಂಗಡಿಯಲ್ಲೇ ನಿಂತು ನೋಡಿದರೆ, ಅತ್ತೆ ದೀಪ, ಫ್ಯಾನುಗಳನ್ನು ಆರಿಸಿ ಪೆಟ್ಟಿಗೆಯ ಪ್ಲಗ್ಗನ್ನೂ ಕಿತ್ತರು.

"ಅತ್ತೆ, ಅದನ್ಯಾಕೆ ಕೀಳ್ತೀರಾ?"

"ಚಿತ್ರ ನೋಡೋರು ಯಾರೂ ಇಲ್ಲದಾಗ ಪೆಟ್ಟಿಗೆ ಯಾಕೆ ಉರೀಬೇಕು? ಕ್ಯಾಮೆರಾಕ್ಕಂತೂ ಕರೆಂಟು ಬೇಡವಲ್ಲ."

"ಹಾಗಂತ ಯಾರು ಹೇಳಿದ್ದು?"

"ಯಾರೋ ಪುಣ್ಯಾತ್ಮ," ಎಂದಳು ಬೀಗ ಹಿಡಿದು ನಿಂತಿದ್ದ ಹೆಂಡತಿ.

ಅಳಿಯ ತಲೆ ಕೆರೆದುಕೊಂಡ. "ಬೇರೆ ವೈರು ಬೇಡ ಅನ್ನಬೇಕಿತ್ತು. ಕರೆಂಟು ಈ ಪೆಟ್ಟಿಗೆಯಿಂದಲೇ ಹೋಗುತ್ತೆ."

ಅತ್ತೆ ಪ್ಲಗ್ಗನ್ನು ಮತ್ತೆ ಸಿಕ್ಕಿಸಿದರು.

"ಅಂದ್ರೆ ಕೇಬಲಿನದೇನೂ ತಪ್ಪಿಲ್ಲ. ಗೋದಾಮಿನ ಕೆಲಸ ನೀವೇ ಮಾಡಿ ಅಳಿಯಂದಿರೇ. ಅದು ಹೇಗೆ ನಡೆಯುತ್ತೆ ಅಂತ ವಿವರಿಸೋದನ್ನ ಮಾತ್ರ ನನ್ನ ಮಗಳಿಗೆ ಬಿಡಿ."