ಡಬ್ಬಿಗೆ ತಕ್ಕ ಮುಲಾಮು

ಮುಲಾಮಕ್ಕ ಎಂದರೆ ಆ ಬೀದಿಯಲ್ಲಿ ಗೊತ್ತಿಲ್ಲದವರೇ ಇರಲಿಲ್ಲ. ಸೊಂಟ ಉಳುಕಿದವರು, ಮೊಣಕಾಲು ಹಿಡಿದುಕೊಂಡವರು ಮೊದಲು ಬರುತ್ತಿದ್ದುದು ಅವಳ ಬಾಗಿಲಿಗೆ. ಜೇನುಮೇಣ ಕರಗಿಸಿ, ಕರ್ಪೂರ ಮತ್ತು ಲವಂಗದೆಣ್ಣೆ ಬೆರೆಸಿ ಅವಳು ಮಾಡುತ್ತಿದ್ದ ಮುಲಾಮು ಹಚ್ಚಿದ ಕೂಡಲೇ ಚುರ್ ಎನ್ನುತ್ತಿತ್ತು. ಹಚ್ಚಿಸಿಕೊಂಡವರು ಅವಳನ್ನು ಚೆನ್ನಾಗಿ ಬೈದು, ಆಮೇಲೆ ಎದ್ದು ನಡೆದುಕೊಂಡೇ ಮನೆಗೆ ಹೋಗುತ್ತಿದ್ದರು.

ಗಂಡ ಇದ್ದ ಕಾಲದಲ್ಲಿ ಮೊದಲು ತಗಡಿನ ಡಬ್ಬಿಗೆ ತುಂಬಿ ನೋಡಿದ್ದರು. ಅಂಚಿಗೆ ತುಕ್ಕು ಹಿಡಿದು ಮುಲಾಮೆಲ್ಲ ಕಂದಿಹೋಯಿತು. ಆಮೇಲೆ ಗಾಜಿಗೆ ಬಂದರು. ಗಾಜು ಭಾರ, ಕೈಜಾರಿದರೆ ಚೂರು, ನಡುವೆ ಹುಲ್ಲು ತುರುಕಿ ಕಟ್ಟದಿದ್ದರೆ ಅರ್ಧ ದಾರಿಯಲ್ಲೇ ಗೋವಿಂದ. ಆದರೂ ಗಾಜಿಗೊಂದು ದೊಡ್ಡ ಗುಣವಿತ್ತು. ಒಳಗೆ ಏನೇ ಹಾಕಿ, ಅದರ ತಂಟೆಗೆ ಹೋಗುತ್ತಿರಲಿಲ್ಲ. ಮನುಷ್ಯರಲ್ಲಿ ಅಂಥವರನ್ನು ಮುಲಾಮಕ್ಕ ಹೆಚ್ಚು ಕಂಡಿರಲಿಲ್ಲ. ಆ ಗಾಜಿನ ಮೇಲೆ ಅಂಟಿಸುವ ಚೀಟಿಯಲ್ಲಿ ಗಂಡ ಹಟಮಾಡಿ ಅವಳ ಮುಖವನ್ನೇ ಅಚ್ಚುಹಾಕಿಸಿದ್ದ. "ನಿನ್ನ ಮುಖ ನೋಡಿದ್ರೆ ಅರ್ಧ ನೋವು ಓಡಿಹೋಗುತ್ತೆ ಕಣೇ" ಎಂದು ರೇಗಿಸುತ್ತಿದ್ದ.

ಗಂಡ ಹೋದ ಮೇಲೆ ವ್ಯವಹಾರ ಮಗನ ಕೈಗೆ ಬಂತು, ಮುಲಾಮು ಕಾಯಿಸಲು ಆಳುಗಳು ಬಂದರು. ಒಂದು ದಿನ ಅವನು ಪ್ಲಾಸ್ಟಿಕ್ ಡಬ್ಬಿಯೊಂದನ್ನು ತಂದು ಅಮ್ಮನ ಅಂಗೈಯಲ್ಲಿಟ್ಟ. ಗಾಜಿನಷ್ಟೇ ತಿಳಿ, ಹಗುರವೆಂದರೆ ಹಗುರ. ಚೀಟಿಯ ರಗಳೆ ಇಲ್ಲ, ಅಮ್ಮನ ಮುಖ ಡಬ್ಬಿಯ ಮೈಯೊಳಗೇ ಅಚ್ಚಾಗಿತ್ತು.

"ಚೆನ್ನಾಗೇನೋ ಇದೆ. ಲವಂಗದೆಣ್ಣೆ ಇದನ್ನ ಸುಮ್ನೆ ಬಿಡುತ್ತಾ, ವಿಚಾರಿಸಿದ್ಯಾ?"

"ವಿಚಾರಿಸಿದೀನಮ್ಮ. ಎಲ್ಲಾದಕ್ಕೂ ಆಗುತ್ತೆ ಅಂದ."

"ಯಾರು ಅಂದದ್ದು?"

"ಡಬ್ಬಿ ಮಾರೋನು."

ಅವಳಿಗೆ ನಗು ಬಂತು. ಮಗ ನಗಲಿಲ್ಲ. ಡಬ್ಬಿಯ ಅಚ್ಚು ಆಗಲೇ ತಯಾರಾಗಿತ್ತು, ಗೋದಾಮಿನಲ್ಲಿ ಡಬ್ಬಿಗಳು ಸೂರು ಮುಟ್ಟಿದ್ದವು.

ಬೇಸಿಗೆ ಬರುವಷ್ಟರಲ್ಲಿ ಅಂಗಡಿಗಳಿಂದ ಸರಕು ವಾಪಸಾಗತೊಡಗಿತು. ಡಬ್ಬಿಗಳ ತಳ ಮಂಜಾಗಿತ್ತು, ಮೈತುಂಬ ಕೂದಲೆಳೆಯಂಥ ಬಿರುಕು, ಕೆಲವಂತೂ ಮೆತ್ತಗಾಗಿ ಮುಚ್ಚಳಕ್ಕೇ ಕಚ್ಚಿಕೊಂಡಿದ್ದವು. ಮಗ ತಲೆಯ ಮೇಲೆ ಕೈಹೊತ್ತು ಕೂತ. ಮುಲಾಮಕ್ಕ ಒಳಗೊಳಗೇ ಹಿಗ್ಗಿದಳು. ಅಟ್ಟದಲ್ಲಿದ್ದ ಹಳೆಯ ಗಾಜಿನ ಡಬ್ಬಿಗಳನ್ನೆಲ್ಲ ಇಳಿಸಿ, ಬಿಸಿನೀರಿನಲ್ಲಿ ತೊಳೆದು, ಹಿತ್ತಲ ಬಿಸಿಲಿಗೆ ಬೋರಲು ಹಾಕಿದಳು. ಹೆತ್ತ ಮಗನ ನಷ್ಟಕ್ಕೆ ಹಿಗ್ಗುವುದು ಪಾಪವೆಂದು ಗೊತ್ತಿತ್ತು. ಆದರೂ ಹಿಗ್ಗಿದಳು.

ಅವು ಒಣಗುವ ಮೊದಲೇ ಮಗ ಗೆಲುವಾಗಿ ಬಂದ. "ಅಮ್ಮಾ, ಎಲ್ಲ ಸರಿಹೋಯ್ತು. ಇನ್ನು ಡಬ್ಬಿಗೆ ಏನೂ ಆಗೋದಿಲ್ಲ."

"ಹೊಸ ಡಬ್ಬಿ ತರಿಸಿದ್ಯಾ?"

"ಡಬ್ಬಿ ಅದೇ. ಮುಲಾಮು ಬದಲಾಯಿಸ್ದೆ. ಲವಂಗದೆಣ್ಣೆ ಪೂರಾ ತೆಗೆಸ್ದೆ, ಕರ್ಪೂರ ಹೆಸರಿಗಷ್ಟೇ. ಅವೇ ಅಲ್ವಾ ಡಬ್ಬಿ ತಿಂತಾ ಇದ್ದದ್ದು?"

ಅವಳು ಅವನ ಕೈಯಲ್ಲಿದ್ದ ಡಬ್ಬಿಗೆ ಬೆರಳದ್ದಿ ಮೊಣಕಾಲಿಗೆ ತಿಕ್ಕಿಕೊಂಡಳು. ಚುರ್ ಎನ್ನಲಿಲ್ಲ. ಮೂಗಿಗೆ ಹಿಡಿದರೆ ಬರೀ ಮೇಣದ ವಾಸನೆ.

"ಇದ್ರಲ್ಲಿ ಏನಿದ್ಯೋ?"

"ನಿನ್ನ ಮುಖ ಇದ್ಯಲ್ಲಮ್ಮ, ಜನ ತಗೊಳ್ಳೋದೇ ಅದನ್ನ ನೋಡಿ."

"ಹಾಗಾದ್ರೆ ಮೊದ್ಲು ಅದನ್ನ ತೆಗೆಸು."

"ಅಚ್ಚಾಗಿಬಿಟ್ಟಿದೆ. ಈಗ ತೆಗೆಸಿದ್ರೆ ಬೀದಿಗೆ ಬೀಳ್ತೀವಿ, ಅಷ್ಟೆ."

ಕೆಲವು ವಾರಗಳ ಮೇಲೆ ಎದುರುಮನೆಯ ದರ್ಜಿ ಬಂದ. ಕತ್ತರಿ ಹಿಡಿದು ಹಿಡಿದು ಅವನ ಮಣಿಕಟ್ಟು ಊದಿಕೊಂಡಿತ್ತು. "ಅಕ್ಕಾ, ಈ ಸಲ ಯಾಕೋ ಹಿಡೀತಾನೇ ಇಲ್ಲ. ಮುಲಾಮಿನದ್ದೇನೂ ತಪ್ಪಿಲ್ಲ, ನಿಮ್ಮ ಕೈಯಲ್ಲಾದದ್ದು. ನನ್ನ ಕೈಯೇ ಮುಗೀತು ಅಂತ ಕಾಣುತ್ತೆ. ಅಂಗಡಿ ಮುಚ್ಚಿಬಿಡೋಣ ಅಂತಿದೀನಿ."

ಮಗ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದ. "ದಿನಕ್ಕೆ ಮೂರು ಸಲ ಹಚ್ಚಿ, ಎಲ್ಲ ಸರಿಹೋಗುತ್ತೆ" ಎಂದು ಎರಡು ಡಬ್ಬಿ ಮುಂದಿಟ್ಟ. ದರ್ಜಿ ಅವನತ್ತ ನೋಡಲೂ ಇಲ್ಲ.

"ನೀವು ಹೇಳಿ ಅಕ್ಕಾ. ನೀವು ಹೇಳಿದ್ರೆ ಹಚ್ತೀನಿ."

ಮುಲಾಮಕ್ಕ ಮಗನ ಮುಖ ನೋಡಿದಳು. ಚಿಕ್ಕವನಿದ್ದಾಗ ಬಿದ್ದು ಮೊಣಕಾಲು ತರಚಿಕೊಂಡು ಬಂದಾಗ ಇದ್ದಂಥದೇ ಮುಖ. ಅವಳಿಗೆ ಅವನ ಮೇಲೆ ಹೇಸಿಗೆಯಾಯಿತು, ಕರುಳೂ ಚುರುಕ್ ಎಂದಿತು.

"ಹಚ್ಚಪ್ಪ" ಎಂದಳು.

ದರ್ಜಿ ಎರಡು ಡಬ್ಬಿಯನ್ನೂ ಕಣ್ಣಿಗೊತ್ತಿಕೊಂಡು ಹೋದ.

ಅವಳು ಹಿತ್ತಲಿಗೆ ಹೋಗಿ ಕೂತು, ಒಂದು ಡಬ್ಬಿಯನ್ನು ನೀರಿನ ಬಕೆಟ್ಟಿನಲ್ಲಿ ಅದ್ದಿಟ್ಟಳು. ಗಾಜಿನದಾಗಿದ್ದರೆ ಇಷ್ಟು ಹೊತ್ತಿಗೆ ಚೀಟಿ ನೆನೆದು ತಾನಾಗಿ ಬಿಟ್ಟುಕೊಂಡಿರುತ್ತಿತ್ತು. ಉಗುರಿನಿಂದ ಕೆರೆದಳು, ಕಲ್ಲಿಗೆ ತಿಕ್ಕಿದಳು. ಉಗುರು ಕಿತ್ತು ರಕ್ತ ಬಂತು. ಡಬ್ಬಿಯ ಮೇಲೆ ಅವಳ ಮುಖ ಇನ್ನೂ ನಗುತ್ತಲೇ ಇತ್ತು.